ಫೋಟೊದಲ್ಲಿ ಮುಖ ಇದೆ, ಕಂಪ್ಯೂಟರಿಗೆ ಕಾಣುತ್ತಿಲ್ಲ: ಕಾರವಾರದ ಒಂದು ಮನೆಯ ಪ್ರಕರಣ

ನಮ್ಮ ಅಜ್ಜಿಯ ತಮ್ಮ ತೀರಿಕೊಂಡು ಇನ್ನೇನು ವರ್ಷ ತುಂಬುವುದಿತ್ತು. ಒಂದು ಸಂಜೆ ಅಜ್ಜಿ ನನ್ನನ್ನು ಕರೆದು ಕೂರಿಸಿಕೊಂಡಳು. "ಅವನ ಫೋಟೊ ಎಷ್ಟಿದೆಯೋ ಅಷ್ಟೂ ಒಂದು ಕಡೆ ಹಾಕಿ ತೋರಿಸು. ನಂಗೆ ಒಂದ್ಸಲ ಎಲ್ಲ ನೋಡಬೇಕು" ಎಂದಳು. ನಾವೆಲ್ಲ ಅವರನ್ನು ಸಣ್ಣಜ್ಜ ಎಂದು ಕರೆಯುತ್ತಿದ್ದೆವು. ಶಿರಸಿ ಕಡೆ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ರಜೆ ಬಂತೆಂದರೆ ಘಟ್ಟ ಇಳಿದು ಊರಿಗೆ ಬಂದುಬಿಡುತ್ತಿದ್ದರು.

ಊರು ಅಂದೆ. ಆ ಊರಿನಲ್ಲಿ ಈಗ ನಮ್ಮ ಮನೆ ಇಲ್ಲ. ಕಾರವಾರದ ದಕ್ಷಿಣಕ್ಕೆ ಅರಗಾ ಆಸುಪಾಸಿನ ಊರುಗಳ ಜಾಗ ಸೀಬರ್ಡ್ ನೌಕಾನೆಲೆಗೆ ಹೋಯಿತು. 1986ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು, 2005ರ ಮೇ ತಿಂಗಳಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕೆಲಸ ಶುರುಮಾಡಿತು. ನಡುವಿನ ವರ್ಷಗಳಲ್ಲಿ ನಮ್ಮವರು ಮನೆ ಬಿಟ್ಟು ಬಂದರು. ಬರುವಾಗ ತಂದ ಸಾಮಾನಿನಲ್ಲಿ ಎರಡು ಕಬ್ಬಿಣದ ಪೆಟ್ಟಿಗೆ ತುಂಬ ಫೋಟೊ ಇದ್ದವು. ಹಳೆ ಅಂಗಳ, ಬಾವಿಕಟ್ಟೆ, ಹಲಸಿನ ಮರದ ಕೆಳಗೆ ನಿಂತ ಜನ, ಎಲ್ಲವೂ ಈಗ ಅದರಲ್ಲಿ ಮಾತ್ರ ಇವೆ. ಹಾಗಾಗಿ ಈ ಕೆಲಸವನ್ನು ನಾನು ಸುಮ್ನೆ ಕಂಪ್ಯೂಟರ್ ಕೆಲಸ ಎಂದು ತೆಗೆದುಕೊಳ್ಳಲಿಲ್ಲ.

ಇಲ್ಲಿ ಬರೆಯುತ್ತಿರುವುದು ಆ ಕೆಲಸದಲ್ಲಿ ಎದುರಾದ ತೊಂದರೆ, ನಾನು ತಪ್ಪು ದಾರಿಯಲ್ಲಿ ಕಳೆದ ವಾರಗಳು, ಕೊನೆಗೆ ಸಿಕ್ಕ ಕಾರಣಗಳು. ಮನೆಯ ಹಳೆ ಆಲ್ಬಮ್ ಸ್ಕ್ಯಾನ್ ಮಾಡಿಸಿ ಇಟ್ಟಿರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು.

ನಮ್ಮ ಹತ್ತಿರ ಇದ್ದದ್ದು

ಒಟ್ಟು 9,640 ಚಿತ್ರ. ಅದರಲ್ಲಿ 3,180 ಹಳೆ ಪ್ರಿಂಟ್‌ಗಳ ಸ್ಕ್ಯಾನ್. ಅವನ್ನು ಕೆಲವು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಯಲ್ಲಿ ಮಾಡಿಸಿದ್ದೆವು. ಸುಮಾರು 2,300 ಮೊದಲ ಡಿಜಿಟಲ್ ಕ್ಯಾಮೆರಾದವು. ಉಳಿದವು ಮೊಬೈಲಿನವು. ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಸಾಫ್ಟ್‌ವೇರ್ ಡಿಜಿಕ್ಯಾಮ್. ಫೋಟೊಗಳನ್ನು ಜೋಡಿಸಿಡಲು 2001ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ನಾನು ಇದನ್ನೇ ಆರಿಸಿದ್ದಕ್ಕೆ ಮುಖ್ಯ ಕಾರಣ ಬೇರೆ. ಇದು ಮುಖ ಹುಡುಕುವ ಕೆಲಸವನ್ನು ನಮ್ಮ ಕಂಪ್ಯೂಟರಿನಲ್ಲೇ ಮಾಡುತ್ತದೆ. ಮನೆ ಹೆಂಗಸರು, ಮಕ್ಕಳು, ತೀರಿಕೊಂಡವರು ಎಲ್ಲರ ಮುಖ ಇರುವ ಪೆಟ್ಟಿಗೆಯನ್ನು ಹೊರಗಿನ ಸರ್ವರ್‌ಗೆ ಕಳಿಸಲು ಅಜ್ಜಿ ಒಪ್ಪುತ್ತಿರಲಿಲ್ಲ, ನನಗೂ ಮನಸ್ಸಿರಲಿಲ್ಲ. ಮೊದಲ ಸಲ ಮಾತ್ರ ಮುಖ ಹುಡುಕುವ ಮಾದರಿಯ, ಅಂದರೆ ಮುಖ ಹೇಗಿರುತ್ತದೆ ಎಂದು ಮೊದಲೇ ಕಲಿತಿಟ್ಟ ಲೆಕ್ಕಾಚಾರದ, ಕಡತಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಅವು ನೂರಾರು ಎಂಬಿ ಇರುತ್ತವೆ. ಆಮೇಲೆ ನೆಟ್ ಬೇಕಿಲ್ಲ.

ಒಂದು ವಿಷಯ ಮೊದಲೇ ಹೇಳಬೇಕು, ಏಕೆಂದರೆ ಮುಂದೆ ಇದೇ ಗೊಂದಲಕ್ಕೆ ಕಾರಣವಾಗುತ್ತದೆ. ಮುಖ ಹುಡುಕುವುದು ಬೇರೆ, ಮುಖ ಗುರುತಿಸುವುದು ಬೇರೆ. ಮೊದಲನೆಯದು "ಇಲ್ಲಿ ಒಂದು ಮುಖ ಇದೆ" ಎಂದು ಚೌಕ ಹಾಕುತ್ತದೆ. ಎರಡನೆಯದು "ಇದು ಇಂಥವರ ಮುಖ" ಎಂದು ಊಹೆ ಹೇಳುತ್ತದೆ. ಚೌಕವೇ ಬೀಳದಿದ್ದರೆ ಹೆಸರಿನ ಮಾತೇ ಬರುವುದಿಲ್ಲ.

ಏನಾಯಿತು

ರಾತ್ರಿ 9ಕ್ಕೆ ಹುಡುಕಲು ಹಚ್ಚಿ ಮಲಗಿದೆ. ಬೆಳಿಗ್ಗೆ 6ಕ್ಕೆ ಮುಗಿದಿತ್ತು. ಮೊಬೈಲ್ ಚಿತ್ರಗಳಲ್ಲಿ ಮುಖಗಳು ಚೆನ್ನಾಗಿ ಸಿಕ್ಕಿದ್ದವು. ಮಕ್ಕಳ ಓರೆ ಮುಖ, ಟೋಪಿ ಹಾಕಿದವರು, ಕನ್ನಡಕದವರು ಎಲ್ಲ ಸಿಕ್ಕಿದ್ದರು. ಆದರೆ 3,180 ಸ್ಕ್ಯಾನ್‌ಗಳಲ್ಲಿ ಸಿಕ್ಕ ಮುಖ ಬರೀ 412. ಮದುವೆ, ಉಪನಯನ, ಹಬ್ಬದ ಫೋಟೊಗಳೇ ಜಾಸ್ತಿ ಇರುವ ಸಂಗ್ರಹ ಅದು. ಒಂದೊಂದರಲ್ಲಿ ನಾಲ್ಕೈದು ಜನ ಇದ್ದೇ ಇರುತ್ತಾರೆ. ಸಣ್ಣಜ್ಜ ಸಿಕ್ಕಿದ್ದು 9 ಫೋಟೊದಲ್ಲಿ. ಅವರು ನಮ್ಮ ಮನೆಯ ಯಾವ ಕಾರ್ಯ ತಪ್ಪಿಸಿದವರಲ್ಲ.

ನಾನು ಮೊದಲು ಮಾಡಿದ್ದು ಹೆಚ್ಚಿನವರು ಮಾಡುವುದನ್ನೇ. ಸೆಟ್ಟಿಂಗ್‌ನಲ್ಲಿ ನಿಖರತೆಯ ಒಂದು ಸ್ಲೈಡರ್ ಇದೆ, ಅದನ್ನು ಜರುಗಿಸಿದೆ. ಮತ್ತೆ ಹುಡುಕಲು ಹೇಳಿದೆ. ಎರಡು ನಿಮಿಷದಲ್ಲಿ ಮುಗಿಯಿತು. ಸಂಖ್ಯೆ ಬದಲಾಗಲಿಲ್ಲ. ಇನ್ನಷ್ಟು ಜರುಗಿಸಿದೆ. ಮತ್ತೆ ಎರಡು ನಿಮಿಷ. ಸ್ಲೈಡರ್‌ನಿಂದ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದೆ. ಮಾದರಿಯ ಕಡತ ಅರ್ಧ ಇಳಿದಿರಬಹುದು ಎಂದುಕೊಂಡು ಮತ್ತೆ ಇಳಿಸಿದೆ. ಮಳೆಗಾಲ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಅದಕ್ಕೇ ಎರಡು ದಿನ ಹೋಯಿತು. ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಹಾಕಿದೆ. ಪ್ರತಿ ಸಲವೂ ಅದೇ ಎರಡು ನಿಮಿಷ, ಅದೇ 412.

ಉತ್ತರ ಆ ಎರಡು ನಿಮಿಷದಲ್ಲೇ ಇತ್ತು. ಇಡೀ ರಾತ್ರಿ ಹಿಡಿದ ಕೆಲಸ ಎರಡು ನಿಮಿಷಕ್ಕೆ ಮುಗಿದರೆ ಅದು ಆ ಕೆಲಸ ಮಾಡಿಲ್ಲ ಎಂದೇ ಅರ್ಥ, ಅಲ್ವಾ? ನಾನು ಸಂಖ್ಯೆ ನೋಡುತ್ತಿದ್ದೆ, ಗಡಿಯಾರ ನೋಡಲಿಲ್ಲ.

ಇನ್ನೊಂದು ಸುಳಿವನ್ನೂ ಬಿಟ್ಟಿದ್ದೆ. ಮಾದರಿಯ ಕಡತ ಹಾಳಾಗಿದ್ದರೆ ಮೊಬೈಲ್ ಚಿತ್ರಗಳಲ್ಲೂ ಮುಖ ಸಿಗಬಾರದಿತ್ತು. ಅಲ್ಲಿ ಸಿಗುತ್ತಿದೆ, ಇಲ್ಲಿ ಸಿಗುತ್ತಿಲ್ಲ. ಅಂದರೆ ಹುಡುಕುವ ಯಂತ್ರ ಸರಿ ಇದೆ, ಸ್ಕ್ಯಾನ್‌ಗಳಲ್ಲೇ ಏನೋ ಇದೆ.

ಇಪ್ಪತ್ತು ಫೋಟೊ

ಒಂದು ಭಾನುವಾರ ಸೆಟ್ಟಿಂಗ್ ಎಲ್ಲ ಬದಿಗಿಟ್ಟೆ. ಮುಖ ಸಿಗದ ಸ್ಕ್ಯಾನ್‌ಗಳಲ್ಲಿ ಕಣ್ಣು ಮುಚ್ಚಿ 20 ಆರಿಸಿ, ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

9 ಫೋಟೊ ಅಡ್ಡ ಮಲಗಿದ್ದವು. 2 ತಲೆಕೆಳಗಾಗಿದ್ದವು. 5ರಲ್ಲಿ ಒಂದೇ ಹಾಳೆಯ ಮೇಲೆ ನಾಲ್ಕು ಪ್ರಿಂಟ್ ಇಟ್ಟು ಒಟ್ಟಿಗೆ ಸ್ಕ್ಯಾನ್ ಮಾಡಿದ್ದರು. 2ರಲ್ಲಿ ಮುಖದ ಮೇಲೇ ಬೂಸಲು ಕಲೆ. ಉಳಿದ 2ರಲ್ಲಿ ಜನವೇ ಇರಲಿಲ್ಲ, ಒಂದು ದೋಣಿ, ಒಂದು ಮನೆ.

ಅಡ್ಡ ಮಲಗಿದ್ದನ್ನು ಇಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ. ಅದು ಹೇಗೆ ಎಂದು ಆಮೇಲೆ ಯೋಚಿಸಿದೆ. ನಾವು ಅಡ್ಡ ಫೋಟೊ ಬಂದರೆ ಸಹಜವಾಗಿ ಕತ್ತು ಓರೆ ಮಾಡಿ ನೋಡುತ್ತೇವೆ. ಪರಿಚಯದ ಮುಖವಾದರೆ ಕತ್ತು ಓರೆ ಮಾಡುವುದೂ ಬೇಡ, ಗೊತ್ತಾಗಿಬಿಡುತ್ತದೆ. ಅಪ್ಪನನ್ನು ಗುರುತಿಸಲು ಅಪ್ಪ ನೆಟ್ಟಗೆ ನಿಲ್ಲಬೇಕಿಲ್ಲ.

ಯಂತ್ರಕ್ಕೆ ಹಾಗಲ್ಲ. 2001ರಲ್ಲಿ ಪಾಲ್ ವಯೋಲಾ, ಮೈಕೆಲ್ ಜೋನ್ಸ್ ಎಂಬಿಬ್ಬರು ಮುಖ ಬೇಗ ಹುಡುಕುವ ಒಂದು ವಿಧಾನ ತೋರಿಸಿದರು. ಬಹಳ ವರ್ಷ ಕ್ಯಾಮೆರಾಗಳಲ್ಲೂ ಸಾಫ್ಟ್‌ವೇರ್‌ಗಳಲ್ಲೂ ಅದೇ ನಡೆಯಿತು. ಅದು ನೋಡುವುದು ಬೆಳಕು ನೆರಳಿನ ಪಟ್ಟಿಗಳನ್ನು. ಕಣ್ಣಿನ ಅಡ್ಡ ಪಟ್ಟಿ ಕೆನ್ನೆಗಿಂತ ಕಪ್ಪಗಿರುತ್ತದೆ. ಎರಡು ಕಣ್ಣಿನ ನಡುವೆ ಮೂಗಿನ ದಿಂಡು ಬೆಳ್ಳಗಿರುತ್ತದೆ. ಇಂಥ ಸಣ್ಣ ಸಣ್ಣ ಪರೀಕ್ಷೆಗಳನ್ನು ಒಂದರ ಹಿಂದೆ ಒಂದು ದಾಟಿದ ಜಾಗವನ್ನು ಅದು ಮುಖ ಎನ್ನುತ್ತದೆ. ಫೋಟೊ ಅಡ್ಡ ಮಲಗಿದರೆ ಕಣ್ಣಿನ ಪಟ್ಟಿ ಉದ್ದಕ್ಕೆ ನಿಲ್ಲುತ್ತದೆ, ಮೊದಲ ಪರೀಕ್ಷೆಯಲ್ಲೇ ಬಿದ್ದುಹೋಗುತ್ತದೆ. ಡಿಜಿಕ್ಯಾಮ್ 2020ರ ಜುಲೈಯಲ್ಲಿ ಬಂದ 7ನೇ ಆವೃತ್ತಿಯಿಂದ ಡೀಪ್ ಲರ್ನಿಂಗ್, ಅಂದರೆ ಬಹಳಷ್ಟು ಚಿತ್ರ ನೋಡಿ ಕಲಿಯುವ, ಮಾದರಿಗಳಿಗೆ ಬದಲಾಯಿತು. ಅವು ಎಷ್ಟೋ ಜಾಣ. ಸ್ವಲ್ಪ ವಾಲಿದ ಮುಖ, ಪಕ್ಕಕ್ಕೆ ತಿರುಗಿದ ಮುಖ ಹಿಡಿಯುತ್ತವೆ. ಆದರೂ ಅವು ಕಲಿತದ್ದು ಹೆಚ್ಚಾಗಿ ನೆಟ್ಟಗಿರುವ ಮುಖಗಳ ಚಿತ್ರದಿಂದ. ಪೂರ್ತಿ 90 ಡಿಗ್ರಿ ತಿರುಗಿದರೆ ಅವೂ ಸೋಲುತ್ತವೆ.

ಹಾಗಾದರೆ ಮೊಬೈಲನ್ನು ಅಡ್ಡ ಹಿಡಿದು ತೆಗೆದ ಫೋಟೊ ಹೇಗೆ ಸರಿ ಇತ್ತು? ಫೋನಿನೊಳಗೆ ಅದು ಯಾವ ಕಡೆ ವಾಲಿದೆ ಎಂದು ತಿಳಿಯುವ ಸೆನ್ಸರ್ ಇದೆ. ಫೋಟೊ ತೆಗೆದ ಕ್ಷಣದಲ್ಲಿ ಅದು ಕಡತದ ಎಕ್ಸಿಫ್ ಎಂಬ ಮಾಹಿತಿ ಭಾಗದಲ್ಲಿ 1ರಿಂದ 8ರೊಳಗಿನ ಒಂದು ಅಂಕಿ ಬರೆದಿಡುತ್ತದೆ. 1 ಎಂದರೆ ಹೇಗಿದೆಯೋ ಹಾಗೇ ಸರಿ. 3 ಎಂದರೆ ತಲೆಕೆಳಗು. 6 ಮತ್ತು 8 ಎಂದರೆ ಒಂದೊಂದು ಪಕ್ಕಕ್ಕೆ ಮಲಗಿದೆ. ಸಾಫ್ಟ್‌ವೇರ್ ಆ ಅಂಕಿ ಓದಿ ಚಿತ್ರವನ್ನು ತಿರುಗಿಸಿಕೊಂಡೇ ನೋಡುತ್ತದೆ. ಸ್ಕ್ಯಾನರ್‌ಗೆ ಈ ಯಾವುದೂ ಗೊತ್ತಿಲ್ಲ. ಗಾಜಿನ ಮೇಲೆ ಹೇಗೆ ಇಟ್ಟರೋ ಹಾಗೇ ಬರುತ್ತದೆ. ಅಂಗಡಿಯವರು ಗಾಜಿನ ಮೇಲೆ ಜಾಗ ಹೊಂದಿಸಲು ಉದ್ದ ಫೋಟೊಗಳನ್ನು ಅಡ್ಡ ಇಟ್ಟಿದ್ದರು.

ಡಿಜಿಕ್ಯಾಮ್‌ನಲ್ಲಿ ಪುಟ್ಟ ಚಿತ್ರಗಳನ್ನು ಸಾಲಾಗಿ ಹರವಿಕೊಂಡು, ಎಡಕ್ಕೆ ಮಲಗಿದವನ್ನೆಲ್ಲ ಒಟ್ಟಿಗೆ ಆರಿಸಿ ಬಲಕ್ಕೆ ತಿರುಗಿಸುವುದು, ಬಲಕ್ಕೆ ಮಲಗಿದವನ್ನು ಎಡಕ್ಕೆ. ಹೀಗೆ ನಾಲ್ಕು ಸಂಜೆ ಕೂತು 1,360 ಚಿತ್ರ ನೆಟ್ಟಗೆ ಮಾಡಿದೆವು. ಶುರು ಮಾಡುವ ಮೊದಲು ಇಡೀ ಫೋಲ್ಡರ್‌ನ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ಗೆ ಹಾಕಿಕೊಂಡಿದ್ದೆ, ಇದನ್ನು ತಪ್ಪಿಸಬೇಡಿ. ತಿರುಗಿಸುವ ಕೆಲಸವನ್ನು ಮುಖಕ್ಕೆ ಹೆಸರು ಕೊಡುವ ಮೊದಲೇ ಮಾಡುವುದು ಒಳ್ಳೆಯದು. ಹೆಸರು ಕೊಟ್ಟ ಮೇಲೆ ಬೇರೆ ಯಾವುದೋ ಪ್ರೋಗ್ರಾಮಿನಲ್ಲಿ ಫೋಟೊ ತಿರುಗಿಸಿದರೆ, ಮುಖದ ಚೌಕ ಹಳೆಯ ಜಾಗದಲ್ಲೇ ಉಳಿದುಬಿಡುತ್ತದೆ. ನಮ್ಮಲ್ಲಿ ಮೂರು ಫೋಟೊದಲ್ಲಿ ದೊಡ್ಡಪ್ಪನ ಹೆಸರು ಬಾಗಿಲ ಚೌಕಟ್ಟಿನ ಮೇಲೆ ಇತ್ತು.

ತಿರುಗಿಸಿದರೂ ಅದೇ ಸಂಖ್ಯೆ

ಮತ್ತೆ ಹುಡುಕಲು ಹೇಳಿದೆ. ಎರಡು ನಿಮಿಷ. 412.

ಈ ಸಲ ಮಾತ್ರ ನನಗೆ ಗಡಿಯಾರ ಕಂಡಿತು. ಕಣ್ಣೆದುರು ಮುಖಗಳು ನೆಟ್ಟಗಿವೆ, ಬೆಳಕು ಚೆನ್ನಾಗಿದೆ, ಒಂದು ಚೌಕವೂ ಬಿದ್ದಿಲ್ಲ. ಅಂದರೆ ಅದು ನೋಡಿ ಇಲ್ಲ ಎನ್ನುತ್ತಿಲ್ಲ. ನೋಡುತ್ತಲೇ ಇಲ್ಲ.

ಹುಡುಕುವ ಕಿಟಕಿಯಲ್ಲಿ ಒಂದು ಆಯ್ಕೆ ಇದೆ: ಈಗಾಗಲೇ ಹುಡುಕಿರುವ ಚಿತ್ರಗಳನ್ನು ಬಿಟ್ಟುಬಿಡು. ನಮ್ಮಲ್ಲಿ ಅದೇ ಆಯ್ಕೆ ಇತ್ತು. ಡಿಜಿಕ್ಯಾಮ್ ಪ್ರತಿ ಚಿತ್ರ ನೋಡಿದ ಮೇಲೆ ಅದರ ಡೇಟಾಬೇಸಿನಲ್ಲಿ "ಇದರಲ್ಲಿ ಮುಖ ಹುಡುಕಿ ಆಗಿದೆ" ಎಂದು ಒಳಗುರುತು ಹಾಕುತ್ತದೆ. ಮುಖ ಸಿಕ್ಕಿರಲಿ, ಸಿಗದಿರಲಿ, ಗುರುತು ಬೀಳುತ್ತದೆ. ಮೊದಲ ರಾತ್ರಿ ಅಡ್ಡ ಮಲಗಿದ್ದ ಫೋಟೊಗಳನ್ನು ನೋಡಿ, ಏನೂ ಸಿಗದೆ, ಗುರುತು ಹಾಕಿ ಮುಂದೆ ಹೋಗಿತ್ತು. ಆಮೇಲೆ ನಾನು ಸ್ಲೈಡರ್ ಜರುಗಿಸಿದ್ದು, ಮಾದರಿ ಮತ್ತೆ ಇಳಿಸಿದ್ದು, ಆವೃತ್ತಿ ಬದಲಿಸಿದ್ದು, ಫೋಟೊ ತಿರುಗಿಸಿದ್ದು, ಇದ್ಯಾವುದನ್ನೂ ಅದು ಆ ಚಿತ್ರಗಳ ಮೇಲೆ ಪರೀಕ್ಷಿಸಿಯೇ ಇರಲಿಲ್ಲ.

ಈ ಆಯ್ಕೆ ತಪ್ಪಲ್ಲ. ದಿನವೂ ಹೊಸ ಫೋಟೊ ಸೇರಿಸುವವರಿಗೆ ಇದೇ ಸರಿ. ಇಲ್ಲದಿದ್ದರೆ ಹತ್ತು ಫೋಟೊ ಸೇರಿಸಿದಾಗಲೆಲ್ಲ ಹತ್ತು ಸಾವಿರ ಮತ್ತೆ ನೋಡಬೇಕಾಗುತ್ತದೆ. ಆದರೆ ದೋಷ ಹುಡುಕುವಾಗ ಇದು ನಮ್ಮ ಪ್ರತಿ ಪ್ರಯೋಗವನ್ನೂ ಸುಳ್ಳು ಮಾಡಿಬಿಡುತ್ತದೆ. ನಾನು ಸ್ಲೈಡರ್ ಬಗ್ಗೆ, ಮಾದರಿಯ ಬಗ್ಗೆ ಮಾಡಿಕೊಂಡ ಎಲ್ಲ ತೀರ್ಮಾನಗಳನ್ನೂ ಆ ದಿನ ನೋಟ್‌ಬುಕ್‌ನಲ್ಲಿ ಹೊಡೆದುಹಾಕಿದೆ.

ಅದರ ಪಕ್ಕದಲ್ಲೇ ಇನ್ನೆರಡು ಆಯ್ಕೆ ಇವೆ. ಒಂದು, ಮತ್ತೆ ಹುಡುಕಿ ಹಳೆಯದರ ಜೊತೆ ಸೇರಿಸುವುದು. ಇನ್ನೊಂದು, ಹಳೆಯದನ್ನು ಅಳಿಸಿ ಮತ್ತೆ ಹುಡುಕುವುದು. ಎಷ್ಟೋ ಮುಖಗಳಿಗೆ ಆಗಲೇ ಹೆಸರು ಕೊಟ್ಟಿದ್ದರಿಂದ ನಾನು ಸೇರಿಸುವುದನ್ನು ಆರಿಸಿದೆ. ಸ್ಕ್ಯಾನ್ ಫೋಲ್ಡರ್ ಒಂದನ್ನೇ ತೋರಿಸಿ, ಸ್ಲೈಡರ್ ಮೊದಲಿನ ಜಾಗಕ್ಕೆ ತಂದು, ಹಚ್ಚಿದೆ. ಮೂರು ತಾಸು ಹಿಡಿಯಿತು. ಮೂರು ತಾಸು ಹಿಡಿದಿದ್ದೇ ನನಗೆ ಧೈರ್ಯ. ಮುಗಿದಾಗ 412 ಇದ್ದದ್ದು 2,870 ಆಗಿತ್ತು.

ಈಗ ಸ್ಲೈಡರನ್ನೂ ನಿಜವಾಗಿ ಪರೀಕ್ಷಿಸಿದೆ, 100 ಚಿತ್ರದ ಸಣ್ಣ ಫೋಲ್ಡರಿನ ಮೇಲೆ. ಅದು ಎಷ್ಟು ಖಾತ್ರಿಯಾದರೆ ಮುಖ ಎನ್ನಬೇಕು ಎಂಬ ಗೆರೆ. ಸಡಿಲ ಮಾಡಿದರೆ ಇನ್ನು ಕೆಲವು ಮುಖ ಸಿಗುತ್ತವೆ, ಜೊತೆಗೆ ತೆಂಗಿನಕಾಯಿ, ಕಲಶ, ಬಾಗಿಲ ಚಿಲಕವೂ ಮುಖವಾಗಿ ಬರುತ್ತವೆ. ಬಿಗಿ ಮಾಡಿದರೆ ಮಸುಕಾದ ಮುಖ ಬಿಟ್ಟುಹೋಗುತ್ತವೆ. ಮಧ್ಯಕ್ಕೇ ಬಿಟ್ಟೆ. ಅಡ್ಡ ಮಲಗಿದ ಫೋಟೊಗಳಿಗೆ ಅದನ್ನು ಎಲ್ಲಿಟ್ಟರೂ ಅಷ್ಟೇನೂ ಫರಕು ಆಗಲಿಲ್ಲ.

ನಾಲ್ಕು ಪ್ರಿಂಟ್‌ನ ಹಾಳೆಗಳು

ಎ4 ಹಾಳೆಯ ಅಳತೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೆ ಚಿತ್ರ 2480 ಅಗಲ, 3508 ಉದ್ದ ಪಿಕ್ಸೆಲ್ ಆಗುತ್ತದೆ. ದೊಡ್ಡದೇ. ಆದರೆ ಹುಡುಕುವ ಮಾದರಿ ಅಷ್ಟನ್ನೂ ನೋಡುವುದಿಲ್ಲ. ಚಿತ್ರವನ್ನು ಕುಗ್ಗಿಸಿಕೊಂಡು ನೋಡುತ್ತದೆ, ಇಲ್ಲದಿದ್ದರೆ ಒಂದೊಂದಕ್ಕೂ ನಿಮಿಷಗಟ್ಟಲೆ ಬೇಕು. ಪ್ರಿಂಟ್‌ನಲ್ಲಿ ಒಂದು ಮುಖ 6 ಮಿ.ಮೀ. ಅಗಲ ಇದೆ ಎಂದುಕೊಳ್ಳಿ, ಅಂದರೆ ಒಂದು ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. 300 ಡಿಪಿಐನಲ್ಲಿ ಅದು ಸುಮಾರು 70 ಪಿಕ್ಸೆಲ್. ಹಾಳೆಯ ಉದ್ದದ ಬದಿಯನ್ನು 800 ಪಿಕ್ಸೆಲ್‌ಗೆ ಕುಗ್ಗಿಸಿದರೆ ಆ ಮುಖ 16 ಪಿಕ್ಸೆಲ್ ಆಗುತ್ತದೆ. ಅಷ್ಟರಲ್ಲಿ ಕಣ್ಣು ಎರಡು ಚುಕ್ಕೆಯಾಗಿ ಉಳಿದರೆ ಹೆಚ್ಚು.

ಅದೇ ಹಾಳೆಯಿಂದ ಒಂದು ಪ್ರಿಂಟನ್ನು ಕತ್ತರಿಸಿ ಬೇರೆ ಕಡತ ಮಾಡಿದರೆ? 3.5x5 ಇಂಚಿನ ಪ್ರಿಂಟ್ 1050x1500 ಪಿಕ್ಸೆಲ್. ಅದನ್ನು 800ಕ್ಕೆ ಕುಗ್ಗಿಸಿದರೂ ಅದೇ ಮುಖ ಸುಮಾರು 37 ಪಿಕ್ಸೆಲ್ ಉಳಿಯುತ್ತದೆ. ಹೊಸದಾಗಿ ಸ್ಕ್ಯಾನ್ ಮಾಡಬೇಕಿಲ್ಲ, ಬರೀ ಕತ್ತರಿಸಿದರೆ ಮುಖ ಎರಡರಷ್ಟಕ್ಕಿಂತ ದೊಡ್ಡದಾಯಿತು. ಇಂಥ 214 ಹಾಳೆ ಇದ್ದವು. ಅಕ್ಕನ ಮಗಳು ದಸರಾ ರಜೆಯಲ್ಲಿ ಬಂದವಳು ಅಷ್ಟನ್ನೂ ಕೂತು ಕತ್ತರಿಸಿದಳು. ಅವಳು ನೋಡಿಯೇ ಇಲ್ಲದ ಮನೆಯನ್ನು ಆ ವಾರ ಇಡೀ ನೋಡಿದಳು. ಆ ಹುಡುಗಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತ ಅಜ್ಜಿಗೆ ಎಷ್ಟೋ ಹೆಸರು ನೆನಪಾದವು.

ದೊಡ್ಡ ಗುಂಪಿನ ಫೋಟೊಗಳಿಗೆ ಇದೂ ಸಾಲದು. ಶಾಲೆಯ ವಾರ್ಷಿಕ ಫೋಟೊ, ಮದುವೆಯ ಕೊನೆಯ ದಿಬ್ಬಣದ ಫೋಟೊ, ನಲವತ್ತು ಐವತ್ತು ಜನ. ಅಂಥವು ಏಳಿದ್ದವು. ಅವನ್ನು ಮೂಲ ಪ್ರಿಂಟ್ ಹುಡುಕಿ 600 ಡಿಪಿಐನಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಎಡ, ನಡು, ಬಲ ಎಂದು ಮೂರು ತುಂಡು ಮಾಡಿ ಹುಡುಕಿಸಿದೆ. ತುಂಡುಗಳಲ್ಲಿ ಸಿಕ್ಕ ಹೆಸರನ್ನು ನೋಡಿಕೊಂಡು ಪೂರ್ತಿ ಫೋಟೊದಲ್ಲಿ ಕೈಯಾರೆ ಚೌಕ ಎಳೆದೆ. ತುಂಡುಗಳನ್ನು ಆಮೇಲೆ ಅಳಿಸಿದೆ.

ಬೂಸಲಿನ ಫೋಟೊಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗಿನ ಫೋಟೊಗೆ ಬೂಸಲು ಹಿಡಿಯದೆ ಇರುವುದಿಲ್ಲ. ಅವು ನೂರರೊಳಗೆ ಇದ್ದವು. ಕೈಯಾರೆ ಚೌಕ ಎಳೆದು ಮುಗಿಸಿದೆ.

ಸ್ಕ್ಯಾನ್‌ಗಳಲ್ಲಿ ಈಗ 3,640 ಮುಖ.

ಅಣ್ಣನ ಮುಖ ತಮ್ಮನ ಹೆಸರಿನಲ್ಲಿ

ಮುಖ ಸಿಕ್ಕ ಮೇಲೆ ಹೆಸರು. ಸಾಫ್ಟ್‌ವೇರ್ ಒಂದು ಮುಖವನ್ನು ಸಂಖ್ಯೆಗಳ ಸಾಲಾಗಿ ಮಾಡಿಕೊಳ್ಳುತ್ತದೆ. ಓಪನ್‌ಫೇಸ್, ಎಸ್‌ಫೇಸ್‌ನಂಥ ಮಾದರಿಗಳಲ್ಲಿ ಒಂದು ಮುಖಕ್ಕೆ 128 ಸಂಖ್ಯೆ. ಒಬ್ಬರದೇ ಎರಡು ಫೋಟೊದ ಸಂಖ್ಯೆಗಳು ಹತ್ತಿರ ಹತ್ತಿರ ಇರುತ್ತವೆ, ಬೇರೆಯವರದು ದೂರ. ನಾವು ಹೌದು ಎಂದು ಒಪ್ಪಿದ ಮುಖಗಳೇ ಅದಕ್ಕೆ ಪಾಠ.

ನಮ್ಮಲ್ಲಿ ಸಣ್ಣಜ್ಜನ ಹೆಸರಿನಡಿ ಬರುತ್ತಿದ್ದ ಸಲಹೆಗಳಲ್ಲಿ ಅರ್ಧದಷ್ಟು ಅವರ ಅಣ್ಣ. ಅಣ್ಣತಮ್ಮಂದಿರಿಗೆ ಹೋಲಿಕೆ ಇತ್ತು, ನಿಜ. ಆದರೆ ಇಷ್ಟು ತಪ್ಪಬಾರದು. ಒಪ್ಪಿಗೆಯಾದ ಮುಖಗಳ ಪುಟ ತೆಗೆದು ನೋಡಿದಾಗ ಕಾರಣ ಕಂಡಿತು. ಮನೆಯಲ್ಲಿ ಯಾರೋ ಸಹಾಯ ಮಾಡಲೆಂದು ಒಂದು ಪುಟದ ಸಲಹೆಗಳನ್ನೆಲ್ಲ ಒಟ್ಟಿಗೆ ಆರಿಸಿ ಒಪ್ಪಿಬಿಟ್ಟಿದ್ದರು. ಅದರಲ್ಲಿ 31 ಮುಖ ಅಣ್ಣನವು. ತಪ್ಪು ಪಾಠ ಓದಿಸಿದ ಮೇಲೆ ಪ್ರತಿ ಹೊಸ ಸಲಹೆಯೂ ಆ ತಪ್ಪನ್ನು ದೊಡ್ಡದು ಮಾಡುತ್ತದೆ.

ಆ 31ನ್ನು ಸರಿಯಾದ ಹೆಸರಿಗೆ ಹಾಕಿದೆ. ಆಮೇಲೆ ನಿರ್ವಹಣೆಯ ಕಿಟಕಿಯಿಂದ ಹಳೆಯ ಕಲಿಕೆಯನ್ನು ಅಳಿಸಿ ಮತ್ತೆ ಕಟ್ಟಿಸಿದೆ. ಇದರಿಂದ ನಾವು ಕೊಟ್ಟ ಹೆಸರು ಹೋಗುವುದಿಲ್ಲ. ಹೆಸರು, ಚೌಕ ಮುಖ್ಯ ಡೇಟಾಬೇಸಿನಲ್ಲಿ ಇರುತ್ತವೆ, ಕಲಿತ ಸಂಖ್ಯೆಗಳು ಬೇರೆ ಕಡತದಲ್ಲಿ. ಪಾಠಕ್ಕೆ ಮುಖ ಆರಿಸುವಾಗ ಈ ಸಲ ನಿಧಾನ ಮಾಡಿದೆವು. ಮೇಷ್ಟ್ರ ಕೆಲಸಕ್ಕೆ ಸೇರಿದ ಕಾಲದ ನಾಲ್ಕೈದು, ಮೀಸೆ ಬಿಟ್ಟಿದ್ದ ಕಾಲದ್ದು, ಕನ್ನಡಕ ಬಂದ ಮೇಲಿನದು, ಹಲ್ಲು ತೆಗೆಸಿದ ಮೇಲಿನದು, ಹೀಗೆ ಒಂದೊಂದು ವಯಸ್ಸಿನ ಸ್ಪಷ್ಟ ಮುಖಗಳು. ಮಸುಕಾದ ಮುಖ ಅವರದೇ ಎಂದು ಗೊತ್ತಿದ್ದರೂ ಕೊನೆಗೆ ಇಟ್ಟುಕೊಂಡೆವು. ಸಲಹೆಗಳು ಅದಾದ ಮೇಲೆ ಹತ್ತರಲ್ಲಿ ಎಂಟೊಂಬತ್ತು ಸರಿ ಬರತೊಡಗಿದವು.

ಬೇಡದ ಮುಖಗಳೂ ಬಹಳ ಬಂದವು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಸಣ್ಣಜ್ಜ ಪ್ರತಿ ಸಲ ಹೋಗಿ ಫೋಟೊ ತೆಗೆಯುತ್ತಿದ್ದರು, ಅದರಲ್ಲಿ ಅಪರಿಚಿತರೇ ನೂರಾರು. ಕ್ಯಾಲೆಂಡರಿನ ದೇವರು, ಗಣಪತಿ ಮೂರ್ತಿ. ಅವನ್ನೆಲ್ಲ ನಿರ್ಲಕ್ಷಿಸು ಎಂಬ ಪಟ್ಟಿಗೆ ಹಾಕಿದೆ. ಸುಮ್ನೆ ಅಳಿಸಿದರೆ ಮುಂದೆ ಮತ್ತೆ ಹುಡುಕಿಸಿದಾಗ ಮತ್ತೆ ಬರುತ್ತವೆ. ಒಂದನ್ನು ಮಾತ್ರ ಬೇಕೆಂದೇ ಉಳಿಸಿಕೊಂಡೆ. ಹೊಸ ಮನೆಯ ಜಗುಲಿಯ ಗೋಡೆಯ ಮೇಲೆ ಮುತ್ತಜ್ಜನ ಹಾರ ಹಾಕಿದ ಫೋಟೊ ಇದೆ. ಆ ಗೋಡೆಯ ಎದುರು ತೆಗೆದ ಪ್ರತಿ ಚಿತ್ರದಲ್ಲೂ ಸಾಫ್ಟ್‌ವೇರ್ ಮುತ್ತಜ್ಜನನ್ನು ಹುಡುಕಿತ್ತು. ಅವರು ತೀರಿಕೊಂಡ ಮೇಲೆ ನಡೆದ ಮದುವೆ, ನಾಮಕರಣಗಳಲ್ಲೆಲ್ಲ ಅವರಿದ್ದಾರೆ. ಆ ಚೌಕಗಳಿಗೆ ಹೆಸರು ಕೊಟ್ಟು ಹಾಗೇ ಬಿಟ್ಟಿದ್ದೇನೆ.

ಹೆಸರುಗಳನ್ನು ಡೇಟಾಬೇಸಿನಲ್ಲಿ ಮಾತ್ರ ಇಡದೆ ಫೋಟೊ ಕಡತದ ಒಳಗೂ ಬರೆಯುವಂತೆ ಮೆಟಾಡೇಟಾ ಸೆಟ್ಟಿಂಗ್ ಬದಲಿಸಿದೆ. ಚೌಕದ ಜಾಗವೂ ಅದರ ಜೊತೆ ಹೋಗುತ್ತದೆ. ಮುಂದೆ ಯಾರಾದರೂ ಬೇರೆ ಸಾಫ್ಟ್‌ವೇರ್ ಬಳಸಿದರೂ, ಅದಕ್ಕೆ ಈ ಮಾಹಿತಿ ಓದಲು ಬಂದರೆ, ಹೆಸರು ಸಿಗುತ್ತದೆ. ಲ್ಯಾಪ್‌ಟಾಪ್ ಹಾಳಾದರೆ ಅಜ್ಜಿ ನೆನಪು ಮಾಡಿಕೊಂಡು ಹೇಳಿದ ಹೆಸರು ಹೋಗಬಾರದು.

ವೇಷದೊಳಗಿನ ಮುಖ

ಇಷ್ಟಾದರೂ ಒಂದು ಕಟ್ಟು ಉಳಿದಿತ್ತು. ಸಣ್ಣಜ್ಜ ಯಕ್ಷಗಾನದ ಹವ್ಯಾಸಿ. ಮೇಳದವರಲ್ಲ, ಊರಿನ ಹುಡುಗರು ಸೇರಿ ವರ್ಷಕ್ಕೊಂದೆರಡು ಆಟ ಆಡುತ್ತಿದ್ದರು. 38 ಫೋಟೊ ಇವೆ, ಹೆಚ್ಚಿನವು ಕಪ್ಪು ಬಿಳುಪು.

ಬಣ್ಣದ ವೇಷಗಳಲ್ಲಿ ಚೌಕವೇ ಬಿದ್ದಿರಲಿಲ್ಲ. ಹುಬ್ಬು ಹಣೆಯ ತನಕ ಏರಿದೆ, ಕಣ್ಣಿನ ಸುತ್ತ ಕಪ್ಪು, ಕೆನ್ನೆಯ ಮೇಲೆ ಗೆರೆ, ಮೇಲೆ ಅಗಲ ಕಿರೀಟ, ಕೆಳಗೆ ದೊಡ್ಡ ಮೀಸೆ. ಮಾದರಿ ಕಲಿತ ಯಾವ ಮುಖದಂತೆಯೂ ಅದಿಲ್ಲ. ವೇಷ ಕಟ್ಟುವುದೇ ಮನುಷ್ಯನ ಮುಖ ಮರೆಸಿ ಇನ್ನೊಂದು ಮುಖ ತರಲಿಕ್ಕೆ. ಮುಂಡಾಸಿನ ವೇಷಗಳಲ್ಲಿ ಒಂದಷ್ಟು ಚೌಕ ಬಿದ್ದಿದ್ದವು, ಆದರೆ ಹೆಸರಿನ ಸಲಹೆ ಒಂದೂ ಸರಿ ಇರಲಿಲ್ಲ.

ಕೈಯಾರೆ ಚೌಕ ಎಳೆದು ಸಣ್ಣಜ್ಜನ ಹೆಸರು ಕೊಡಬಹುದಿತ್ತು. ಕೊಡಲಿಲ್ಲ. ಕೊಟ್ಟರೆ ಆ ಬಣ್ಣದ ಮುಖವೂ ಪಾಠಕ್ಕೆ ಸೇರಿ, ಕಷ್ಟಪಟ್ಟು ಸರಿ ಮಾಡಿದ ಕಲಿಕೆ ಮತ್ತೆ ಕೆಡುವ ಭಯ. ಬದಲಿಗೆ ಇಡೀ ಫೋಟೊಗೆ "ಸಣ್ಣಜ್ಜ, ವೇಷ" ಎಂಬ ಸಾಮಾನ್ಯ ಟ್ಯಾಗ್ ಮಾಡಿದೆ. ಹುಡುಕಿದರೆ ಸಿಗುತ್ತದೆ, ಮುಖದ ಪಟ್ಟಿಗೆ ಹೋಗುವುದಿಲ್ಲ.

ಆದರೆ ಯಾವ ವೇಷ ಯಾರು? ಜೊತೆಗೆ ಕುಣಿದವರು ಯಾರೂ ಈಗ ಇಲ್ಲ. ಲ್ಯಾಪ್‌ಟಾಪ್ ಅಜ್ಜಿಯ ಮುಂದಿಟ್ಟು ಒಂದೊಂದೇ ತೋರಿಸಿದೆ. ಅವಳು ಮುಖ ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದಳು, ನಿಂತ ಕಾಲು ನೋಡುತ್ತಿದ್ದಳು. "ಇಂವ ಅಲ್ಲ, ಇಂವ ಗಿಡ್ಡ" ಎನ್ನುತ್ತಿದ್ದಳು. ಹಾಗೆ 22 ಫೋಟೊ ಆರಿಸಿದಳು.

ಮುಗಿಯಿತು ಎಂದುಕೊಂಡು ನಾನು ಅಪರಿಚಿತರ ಪುಟಕ್ಕೆ ಹೋದೆ, ಅಲ್ಲಿ ಉಳಿದ ಹೆಂಗಸರನ್ನು ಅಜ್ಜಿಗೆ ಕೇಳೋಣ ಎಂದು. ಒಂದು ಮುಖ ಮೊದಲ ದಿನದಿಂದ ಅಲ್ಲೇ ಇತ್ತು. ಫೋಟೊ ನೆಟ್ಟಗಿತ್ತು, ದೊಡ್ಡದಾಗಿತ್ತು, ಚೌಕ ಸರಿಯಾಗಿ ಬಿದ್ದಿತ್ತು. ಸೆರಗು ಹೊದ್ದು, ಕುಂಕುಮ ಇಟ್ಟುಕೊಂಡು, ತಲೆ ತಗ್ಗಿಸಿ ನಿಂತ ಹೆಂಗಸು. ದೂರದ ನೆಂಟರು ಯಾರೋ ಎಂದು ನಾವು ಬಿಟ್ಟಿದ್ದೆವು.

ಅಜ್ಜಿ ಪರದೆಯ ಹತ್ತಿರ ಬಾಗಿದಳು. ಸೀರೆಯ ಅಂಚಿನ ಮೇಲೆ ಬೆರಳಿಟ್ಟಳು.

"ಇದು ನನ್ನ ಧಾರೆ ಸೀರೆ" ಎಂದಳು. "ದಮಯಂತಿ ಮಾಡ್ತೆ ಅಂತ ಕೇಳಿ ತಕೊಂಡು ಹೋಗಿದ್ದ. ಅಂವನೇ."